ಚೀಟಿಯಲ್ಲಿ ಬರೆದುಕೊಟ್ಟ ಪ್ರಶ್ನೆ



ಹಿಂದಿನ ಸಂಚಿಕೆಯಲ್ಲಿ ಹಲಸಿನಹಣ್ಣಿನ ಕಡುಬಿನ ವಿಷಯ ಬರೆದಿದ್ದೆನಲ್ಲ, ಅದಕ್ಕೆ ಬಂದ ಪತ್ರಗಳನ್ನು ಓದುವುದರಲ್ಲೇ ಈ ವಾರ ಕಳೆಯಿತು. ಹಿಟ್ಟು ಗಟ್ಟಿಯಾಯಿತು ಅಂತ ಕೆಲವರು, ಸಾಗುವಾನಿ ಎಲೆ ಸಿಗದಿದ್ದರೆ ಬಾಳೆಲೆ ಆದೀತೇ ಅಂತ ಕೆಲವರು. ಆ ಕಟ್ಟಿನ ನಡುವೆ ಸುತ್ತಲೂ ಅಂಟು ಹಚ್ಚಿ ಭದ್ರವಾಗಿ ಮುಚ್ಚಿದ ಒಂದು ಲಕೋಟೆ ಇತ್ತು. ಹೆಸರಿಲ್ಲ, ಊರಿಲ್ಲ. ಒಳಗೆ ಮಕ್ಕಳ ನೋಟ್ ಪುಸ್ತಕದಿಂದ ಹರಿದ ಎರಡು ಹಾಳೆ.

ಬರೆದಾಕೆಗೆ ನಲವತ್ತೆರಡು ವರ್ಷವಂತೆ. ಎರಡು ವರ್ಷದ ಹಿಂದೆ ಅಂಡಾಶಯದ ಕ್ಯಾನ್ಸರ್ ಆಗಿ ಆಪರೇಷನ್ ಆಯಿತು, ಕೀಮೋ ಆಯಿತು, ಈಗ ರಿಪೋರ್ಟೆಲ್ಲ ಚೆನ್ನಾಗಿದೆ. ಆದರೆ ಮನೆಯವರು ಆಗ ನಡುಮನೆಯ ದಿವಾನದ ಮೇಲೆ ಮಲಗಲು ಹೋದವರು ಇನ್ನೂ ಒಳಗೆ ಬಂದಿಲ್ಲ. ಒಮ್ಮೆ ಬಂದಿದ್ದರು. ಆಕೆಗೆ ಚೂರಿಯಲ್ಲಿ ಕೊಯ್ದ ಹಾಗೆ ನೋವಾಯಿತು, ಕೂಗಿಬಿಟ್ಟಳು. ಅವತ್ತಿನಿಂದ ಇಬ್ಬರೂ ಆ ಮಾತೇ ಎತ್ತಿಲ್ಲ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಪ್ರಶ್ನೆ: ಪ್ರಾಣ ಉಳಿದದ್ದೇ ಹೆಚ್ಚು, ಈ ವಯಸ್ಸಿನಲ್ಲಿ ಇದೂ ಬೇಕು ಅನ್ನುವುದು ದುರಾಸೆಯೇ? ಅಚ್ಚು ಹಾಕಲು ಯೋಗ್ಯವಲ್ಲದಿದ್ದರೆ ಹರಿದು ಒಲೆಗೆ ಹಾಕಿ ಅಂತಲೂ ಇತ್ತು.

ಹರಿಯಲಿಲ್ಲ. ಎರಡು ದಿನ ರವೆ ಡಬ್ಬಿಯ ಕೆಳಗೆ ಇಟ್ಟುಕೊಂಡು ಯೋಚಿಸಿದೆ. ಯಾಕೆ ಅಂದರೆ, ಇದಕ್ಕೆ ಉತ್ತರ ಬರೆಯಬೇಕಾದರೆ ನಾನು ಮುಚ್ಚಿಟ್ಟ ಒಂದು ವಿಷಯ ಹೇಳಬೇಕಾಗುತ್ತದೆ. ಹಳೆಯ ಓದುಗರಿಗೆ ನೆನಪಿರಬಹುದು, 2022ರ ಮಳೆಗಾಲದಲ್ಲಿ ಎಂಟು ಸಂಚಿಕೆ ಈ ಅಂಕಣ ಬರಲಿಲ್ಲ. ಲೇಖಕಿ ಊರಲ್ಲಿಲ್ಲ ಅಂತ ಒಂದು ಸಾಲು ಹಾಕಿದ್ದರು. ನಾನೇ ಹಾಗೆ ಹಾಕಿಸಿದ್ದು. ಸುಳ್ಳೇನಲ್ಲ, ಊರಲ್ಲಿರಲಿಲ್ಲ ನಿಜ. ಬೆಂಗಳೂರಿನ ಆಸ್ಪತ್ರೆಯಲ್ಲಿದ್ದೆ, ಇಲ್ಲದಿದ್ದರೆ ಅಲ್ಲಿಗೆ ಹೋಗುವ ರಾತ್ರಿ ಬಸ್ಸಿನಲ್ಲಿದ್ದೆ. ನನಗೂ ಅದೇ ಕಾಯಿಲೆ.

ಅದಕ್ಕೂ ಮುಂಚೆ ಆರು ತಿಂಗಳು ಗ್ಯಾಸು ಅಂದುಕೊಂಡು ಜೀರಿಗೆ ಕಷಾಯ ಕುಡಿದೆ. ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು, ಸೀರೆ ಬಿಗಿ ಆಗುತ್ತಿತ್ತು, ಗಳಿಗೆಗೊಮ್ಮೆ ಬಚ್ಚಲಿಗೆ ಓಡಬೇಕು. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಪ್ಯಾಪ್ ಪರೀಕ್ಷೆ ಇದೆ. ಅಂಡಾಶಯದ್ದನ್ನು ಹಾಗೆ ಮುಂಚಿತವಾಗಿ ಹಿಡಿಯುವ ಸುಲಭದ ಪರೀಕ್ಷೆ ಇಲ್ಲ. ಪ್ಯಾಪ್ ಚೆನ್ನಾಗಿ ಬಂತು ಅಂದರೆ ಅಂಡಾಶಯವೂ ಚೆನ್ನಾಗಿದೆ ಅಂತ ಅರ್ಥವಲ್ಲ. ವಾರಗಟ್ಟಲೆ ಹೊಟ್ಟೆ ಉಬ್ಬರ ಹೋಗದಿದ್ದರೆ ಕಷಾಯ ಸಾಕು ಮಾಡಿ, ಸ್ಕ್ಯಾನಿಂಗ್ ಮಾಡಿಸಿ.

ಇರಲಿ. ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಎರಡೂ ಅಂಡಾಶಯ, ಅಂಡನಾಳಗಳು, ಗರ್ಭಕೋಶ, ಹೊಟ್ಟೆಯೊಳಗೆ ಸೆರಗಿನ ಹಾಗೆ ಇಳಿಬಿದ್ದಿರುವ ಕೊಬ್ಬಿನ ಪದರ, ಇಷ್ಟನ್ನೂ ತೆಗೆಯುತ್ತಾರೆ. ಆಮೇಲೆ ಮೂರು ವಾರಕ್ಕೊಂದರಂತೆ ಹೆಚ್ಚಾಗಿ ಆರು ಕೀಮೋ. ಕೆಲವರಿಗೆ ಮೂರು ಮೊದಲು, ಮೂರು ಆಮೇಲೆ. ತಲೆಗೂದಲು ಮಾತ್ರವಲ್ಲ, ಹುಬ್ಬೂ ಉದುರಿತು. ಅದೆಲ್ಲ ಮತ್ತೆ ಬಂತು ಅನ್ನಿ.

ಯಾರೂ ನನಗೆ ಹೇಳದೆ ಬಿಟ್ಟ ವಿಷಯ ಬೇರೆ. ಮುಟ್ಟು ನಿಲ್ಲುವ ಕಾಲದಲ್ಲಿ ಅಂಡಾಶಯಗಳು ಹಲವು ವರ್ಷ ತೆಗೆದುಕೊಂಡು ನಿಧಾನವಾಗಿ ಕೆಲಸ ಬಿಡುತ್ತವೆ. ಉರಿಯನ್ನು ಸಣ್ಣ ಮಾಡುತ್ತಾ ಬಂದು ಕೊನೆಗೆ ಒಲೆ ಆರಿಸಿದ ಹಾಗೆ. ಮುಟ್ಟು ಇನ್ನೂ ಇರುವವಳಿಗೆ ಆಪರೇಷನ್ ಮಾಡಿ ಎರಡನ್ನೂ ತೆಗೆದರೆ, ಸಾರು ಕುದಿಯುತ್ತಿರುವಾಗಲೇ ಸಿಲಿಂಡರ್ ಖಾಲಿಯಾದ ಹಾಗೆ. ಒಂದೇ ದಿನದಲ್ಲಿ ಎಲ್ಲ. ಮೈಯೆಲ್ಲ ಬಿಸಿ ಏರಿ ಬೆವರು ಕಿತ್ತುಕೊಂಡು ಬರುತ್ತದೆ, ನಿದ್ದೆ ಹಾರಿಹೋಗುತ್ತದೆ, ಸುಮ್ಮಸುಮ್ಮನೆ ಅಳು. ಇದನ್ನೆಲ್ಲ ಕೀಮೋದ ಕಾಟ ಅಂತಲೇ ನಾನು ತಿಳಿದಿದ್ದೆ. ಇನ್ನೊಂದು ಇದೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಅನ್ನುವ ಹಾರ್ಮೋನೇ ಯೋನಿಯ ಒಳಪದರವನ್ನು ಮೆತ್ತಗೆ, ಒದ್ದೆಯಾಗಿ ಇಟ್ಟಿರುವುದು. (ಈ ಪದ ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು. ಬೇರೆ ಪದ ಹುಡುಕಿದೆ. ವೈದ್ಯರು ಹೇಳುವುದು ಇದನ್ನೇ, ಇದೇ ಇರಲಿ.) ಅದು ನಿಂತರೆ ಆ ಪದರ ತೆಳ್ಳಗಾಗುತ್ತದೆ, ಒಣಗುತ್ತದೆ, ಮುಟ್ಟಿದರೆ ಉರಿಯುತ್ತದೆ. ಮೂತ್ರದ ಉರಿ, ಸೋಂಕೂ ಇದರಿಂದಲೇ ಹೆಚ್ಚು.

ನಮ್ಮ ಮನೆಯಲ್ಲಿ ಆದದ್ದೂ ಪತ್ರದಲ್ಲಿರುವ ಹಾಗೆಯೇ. ಆಪರೇಷನ್ ಆಗಿ ಏಳೆಂಟು ತಿಂಗಳ ಮೇಲೆ ಒಂದು ರಾತ್ರಿ ನೋವಿನಿಂದ ನಾನು ಹಲ್ಲು ಕಚ್ಚಿದೆ, ನಮ್ಮ ಯಜಮಾನರಿಗೆ ಗೊತ್ತಾಯಿತು, ಎದ್ದು ಹೋಗಿ ನೀರು ಕುಡಿದು ಹೊರಗೇ ಮಲಗಿದರು. ನನಗೆ ಅನ್ನಿಸಿದ್ದು, ಹೊಟ್ಟೆಯ ಉದ್ದಕ್ಕೂ ಇರುವ ಈ ಗಾಯದ ಗೆರೆ ನೋಡಿ ಅವರಿಗೆ ಅಸಹ್ಯವಾಗಿದೆ ಅಂತ. ಬಟ್ಟೆ ಬದಲಾಯಿಸಲು ಬಚ್ಚಲಿಗೆ ಹೋಗುವ ಅಭ್ಯಾಸ ಮಾಡಿಕೊಂಡೆ. ದೂರದ ಸಂಬಂಧದ ಹಿರಿಯರೊಬ್ಬರ ಹತ್ತಿರ ಸುತ್ತು ಬಳಸಿ ಕೇಳಿದರೆ, ಮಗಳ ಮದುವೆಯ ವಯಸ್ಸಾಯಿತಲ್ಲೇ, ಇನ್ನು ದೇವರು ದಿಂಡರು ಅಂತ ಇರು ಅಂದರು. ನನಗಾಗ ನಲವತ್ತನಾಲ್ಕು.

ಒಂದು ಸಂಜೆ ಕರೆಂಟು ಹೋಗಿತ್ತು. ಮಗಳು ಹಾಸ್ಟೆಲಿನಲ್ಲಿ. ಜಗಲಿಯಲ್ಲಿ ಇಬ್ಬರೇ ಕೂತಿದ್ದೆವು. ಮುಖ ಕಾಣದ ಧೈರ್ಯದಲ್ಲಿ ಕೇಳಿಯೇಬಿಟ್ಟೆ, ನನ್ನ ಕಂಡರೆ ಹೇಸಿಗೆಯೇ ಅಂತ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಅವರು ಹೇಳಿದ್ದು: ಹೊಲಿಗೆ ಬಿಚ್ಚಿ ಹೋದರೆ ಏನು ಗತಿ ಅಂತ ಹೆದರಿಕೆ. ಕಾಯಿಲೆ ಮತ್ತೆ ಕೆರಳಿದರೆ ತಾನೇ ಕಾರಣ ಆದೇನೋ ಅಂತ ಇನ್ನೊಂದು ಹೆದರಿಕೆ. ಸಾಲದ್ದಕ್ಕೆ ಅವರ ಸ್ನೇಹಿತರು ಯಾರೋ, ಕೂಡಿದರೆ ಗಂಡನಿಗೂ ಅಂಟುತ್ತದೆ ಅಂತ ಹೇಳಿದ್ದರಂತೆ. ಅದನ್ನು ನಂಬಲಿಲ್ಲ ಅಂದರು. ಸ್ವಲ್ಪ ನಂಬಿದ್ದರು ಅಂತ ನನಗನ್ನಿಸಿತು. ಒಂದು ವರ್ಷದಿಂದ ಈ ಮನುಷ್ಯ ನನ್ನನ್ನು ನೋಯಿಸಬಾರದು ಅಂತ ದಿವಾನದ ಮೇಲೆ, ನಾನು ನನ್ನ ಗಾಯ ತೋರಿಸಬಾರದು ಅಂತ ಬಚ್ಚಲಲ್ಲಿ!

ಡಾಕ್ಟರನ್ನು ಕೇಳೋಣ ಅಂದರೆ ಹೇಗೆ ಕೇಳುವುದು? ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಿದ್ದೆವು. ಸಿಎ 125 ರಕ್ತಪರೀಕ್ಷೆಯ ಅಂಕಿ ನೋಡಿ, ಗುಡ್ ಅಂತ ಹೇಳಿ, ಮುಂದಿನವರನ್ನು ಕರೆಯುತ್ತಿದ್ದರು. ತಪ್ಪಲ್ಲ, ಹೊರಗೆ ಅರವತ್ತು ಜನ ಕಾಯುತ್ತಿರುತ್ತಾರೆ. ಆದರೂ ಊಟ ಹೇಗೆ, ಮಲವಿಸರ್ಜನೆ ಹೇಗೆ ಅಂತ ಕೇಳುವವರು ಇದೊಂದನ್ನು ಒಮ್ಮೆಯೂ ಕೇಳಲಿಲ್ಲ ಅನ್ನುವ ಬೇಸರ ನನಗಿದೆ. ಮೂರನೇ ತಪಾಸಣೆಗೆ ನಾನು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದೆ. ಅವತ್ತು ಪುಣ್ಯಕ್ಕೆ ಕಿರಿಯ ಲೇಡಿ ಡಾಕ್ಟರೊಬ್ಬರಿದ್ದರು. ಚೀಟಿ ಕೈಗೆ ಕೊಟ್ಟು ತಲೆ ತಗ್ಗಿಸಿ ಕೂತೆ. ಅವರು ಓದಿದರು, ಹುಬ್ಬು ಮೇಲೆ ಮಾಡಿದರು, "ತೊಗರಿಬೇಳೆ ಎರಡು ಕೆಜಿ?" ಅಂದರು. ಕಿರಾಣಿ ಪಟ್ಟಿಯ ಹಿಂಬದಿಯಲ್ಲಿ ಬರೆದಿದ್ದೆ. ಇಬ್ಬರಿಗೂ ನಗು ಬಂದು, ಆಮೇಲೆ ಮಾತು ಸಲೀಸಾಯಿತು.

ಅವರು ಹೇಳಿದ್ದನ್ನು, ಆಮೇಲೆ ನಾನು ಕೇಳಿ ಓದಿ ತಿಳಿದದ್ದನ್ನು, ನಿಮಗೆ ಹೇಳುತ್ತೇನೆ.

ಮೊದಲನೆಯದು, ಕ್ಯಾನ್ಸರ್ ಅಂಟುರೋಗವಲ್ಲ. ಕೂಡುವುದರಿಂದ ಗಂಡನಿಗೆ ಬರುವುದಿಲ್ಲ, ಹೆಂಡತಿಗೆ ಮರುಕಳಿಸುವುದೂ ಇಲ್ಲ. ಎರಡನೆಯದು, ಗರ್ಭಕೋಶ ತೆಗೆದರೆ ಒಳಗೆ ದಾರಿಯೇ ಇರುವುದಿಲ್ಲ, ಇಲ್ಲವೇ ಬರೀ ಪೊಳ್ಳು ಅಂತ ಅನೇಕರು ತಿಳಿದಿದ್ದಾರೆ. ನಾನೂ ತಿಳಿದಿದ್ದೆ. ಯೋನಿ ಇದ್ದಲ್ಲೇ ಇರುತ್ತದೆ, ಅದರ ಮೇಲಿನ ತುದಿಯನ್ನು ಹೊಲಿದು ಮುಚ್ಚಿರುತ್ತಾರೆ ಅಷ್ಟೆ. ಆ ಹೊಲಿಗೆ ಪೂರ್ತಿ ಮಾಯಬೇಕು. ಅದಕ್ಕೆ ಕಡಿಮೆಯೆಂದರೂ ಆರರಿಂದ ಎಂಟು ವಾರ, ಕೆಲವರಿಗೆ ಇನ್ನೂ ಹೆಚ್ಚು. ಡಾಕ್ಟರು ಪರೀಕ್ಷಿಸಿ ಆಗಬಹುದು ಅನ್ನುವ ತನಕ ಬೇಡ. ಸುಖದ ನರಗಳು ಹೆಚ್ಚಾಗಿ ಸೇರಿರುವುದು ಹೊರಗಿರುವ ಮೊಗ್ಗಿನಂಥ ಪುಟ್ಟ ಅಂಗದಲ್ಲಿ. ಭಗಾಂಕುರ ಅನ್ನುತ್ತಾರೆ. ಈ ಆಪರೇಷನ್ನಿನಲ್ಲಿ ಅದನ್ನು ಯಾರೂ ಮುಟ್ಟುವುದೇ ಇಲ್ಲ.

ಕೀಮೋ ನಡೆಯುತ್ತಿರುವಾಗ ಬೇರೆ ಎಚ್ಚರ ಬೇಕು. ಔಷಧದ ಅಂಶ ಕೆಲವು ದಿನ ಮೈಯ ದ್ರವಗಳಲ್ಲಿ ಇರುತ್ತದೆ, ಆದ್ದರಿಂದ ಪ್ರತಿ ಡೋಸಿನ ನಂತರ ಡಾಕ್ಟರು ಹೇಳಿದಷ್ಟು ದಿನ ನಿರೋಧ್ ಬಳಸಬೇಕು. ರಕ್ತಕಣ ಕಡಿಮೆಯಾಗಿದೆ ಅಂದಾಗ ದೂರವಿರುವುದೇ ಸರಿ. ನಮಗೆ ಆಗ ಯಾವುದರ ಮೇಲೂ ಮನಸ್ಸಿರಲಿಲ್ಲ ಅನ್ನುವುದು ಬೇರೆ ಮಾತು.

ಒಣಗಿದ್ದಕ್ಕೆ ಎರಡು ಥರದ ಉಪಾಯವಿದೆ, ಎರಡೂ ಒಂದೇ ಅಂದುಕೊಂಡು ಮೋಸ ಹೋಗಬೇಡಿ. ದೋಸೆ ಹೊಯ್ಯುವಾಗ ಕಾವಲಿಗೆ ಎಣ್ಣೆ ಸವರುತ್ತೇವಲ್ಲ, ಲೂಬ್ರಿಕೆಂಟ್ ಜೆಲ್ಲಿ ಅಂದರೆ ಹಾಗೆ, ಆ ಹೊತ್ತಿಗೆ ಮಾತ್ರ. ನೀರಿನ ಅಂಶದ್ದು, ಪರಿಮಳ ಬಣ್ಣ ಯಾವುದೂ ಇಲ್ಲದ್ದು ತೆಗೆದುಕೊಳ್ಳಬೇಕು. ಜಿಪುಣತನ ಮಾಡದೆ ಇಬ್ಬರೂ ಹಚ್ಚಿಕೊಳ್ಳಬೇಕು. ಇನ್ನೊಂದು ಮಾಯಿಶ್ಚರೈಸರ್. ಅದು ಕಾವಲಿಯನ್ನು ದಿನಾ ಪಳಗಿಸುವ ಹಾಗೆ. ಗಂಡ ಹತ್ತಿರ ಬರಲಿ ಬಿಡಲಿ, ವಾರಕ್ಕೆ ಎರಡು ಮೂರು ರಾತ್ರಿ ಮಲಗುವಾಗ ಒಳಗೆ ಹಾಕಿಕೊಳ್ಳಬೇಕು. ಗುಣ ಕಾಣಲು ಕೆಲವು ವಾರವೇ ಬೇಕು. ನಾನು ನಾಲ್ಕು ದಿನ ಹಾಕಿ, ಏನೂ ಪ್ರಯೋಜನವಿಲ್ಲ ಅಂತ ಬಿಟ್ಟು, ಮತ್ತೆ ಶುರು ಮಾಡಿದವಳು.

ಕೊಬ್ಬರಿ ಎಣ್ಣೆ ಆಗುತ್ತದೆಯೇ ಅಂತ ನನ್ನ ಚೀಟಿಯಲ್ಲಿ ಇತ್ತು. ಕೆಲವರಿಗೆ ಒಗ್ಗುತ್ತದೆ, ಆದರೆ ಎಣ್ಣೆ ತಾಗಿದರೆ ರಬ್ಬರಿನ ನಿರೋಧ್ ಹರಿದುಹೋಗುತ್ತದೆ. ಅರಿಶಿನ, ಡೆಟಾಲು, ಪರಿಮಳದ ಸೋಪು ಇವನ್ನೆಲ್ಲ ಒಳಭಾಗಕ್ಕೆ ತಾಗಿಸಲೇಬಾರದು. ಶುದ್ಧ ಮಾಡುತ್ತೇವೆ ಅಂತ ಹೋಗಿ ಉರಿ ಹೆಚ್ಚಿಸಿಕೊಳ್ಳುತ್ತೇವೆ. ಹೊರಗೆ ಬರೀ ನೀರು ಸಾಕು.

ಇಷ್ಟಕ್ಕೂ ಬಗ್ಗದಿದ್ದರೆ ಈಸ್ಟ್ರೋಜನ್ನಿನದೇ ಕ್ರೀಮು, ಒಳಗಿಡುವ ಮಾತ್ರೆ ಇವೆ. ಬಹಳ ಸಣ್ಣ ಪ್ರಮಾಣದ್ದು, ಹಚ್ಚಿದ ಜಾಗದಲ್ಲೇ ಹೆಚ್ಚು ಕೆಲಸ ಮಾಡುವಂಥದ್ದು. ಆದರೆ ಇದನ್ನು ನೀವಾಗಿ ಅಂಗಡಿಯಿಂದ ತರಬೇಡಿ. ಅಂಡಾಶಯದ ಕ್ಯಾನ್ಸರ್ ಅನ್ನುವುದು ಒಂದೇ ಜಾತಿಯಲ್ಲ. ಅನೇಕ ಬಗೆಗಳಿಗೆ ಇಂಥ ಕ್ರೀಮನ್ನು ವೈದ್ಯರೇ ಬರೆದುಕೊಡುತ್ತಾರೆ, ಕೆಲವು ಬಗೆಗಳು ಮಾತ್ರ ಹಾರ್ಮೋನಿಗೆ ಚಿಗುರುವಂಥವು. ನಿಮ್ಮದು ಯಾವುದು ಅನ್ನುವುದು ಬಯಾಪ್ಸಿ ರಿಪೋರ್ಟಿನಲ್ಲಿರುತ್ತದೆ. ಆ ಕಾಗದ ತೋರಿಸಿಯೇ ಕೇಳಿ. ಮೈ ಬಿಸಿ ಏರುವುದಕ್ಕೂ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ, ಸಹಿಸಿಕೊಂಡೇ ಇರಬೇಕಾಗಿಲ್ಲ.

ನೋವಿನ ವಿಷಯ. ಹಲ್ಲು ಕಚ್ಚಿ ತಡೆದುಕೊಳ್ಳುವುದು ಪತಿವ್ರತೆಯ ಲಕ್ಷಣ ಅಂತ ನಮಗೆ ಯಾರು ಕಲಿಸಿದರೋ ಕಾಣೆ. ಒಮ್ಮೆ ನೋವಾದರೆ ಮುಂದಿನ ಸಲ ಮೈ ತಾನೇ ಬಿಗಿಯುತ್ತದೆ, ಬಿಗಿದರೆ ಇನ್ನೂ ನೋವು. ಆದ್ದರಿಂದ ನೋವು ಅಂದ ತಕ್ಷಣ ನಿಲ್ಲಿಸಬೇಕು. ಹೆಂಗಸು ಮೇಲಿದ್ದರೆ, ಇಲ್ಲವೇ ಇಬ್ಬರೂ ಪಕ್ಕಕ್ಕೆ ಮಲಗಿದರೆ, ಎಷ್ಟು ಆಳ ಅನ್ನುವ ಹಿಡಿತ ಆಕೆಯ ಕೈಯಲ್ಲಿರುತ್ತದೆ. ಬಿಗಿದ ಸ್ನಾಯು ಸಡಿಲಿಸಲು ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಯವರು ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತಾರೆ. ಡೈಲೇಟರ್ ಅನ್ನುವ ನುಣುಪಾದ ಸಾಧನಗಳೂ ಇವೆ, ಸಣ್ಣದರಿಂದ ಶುರು ಮಾಡಿ ನಿಧಾನವಾಗಿ ಅಭ್ಯಾಸ ಮಾಡಲು. ಕೂಡಿದ ಮೇಲೆ ರಕ್ತ ಕಂಡರೆ, ಕೆಟ್ಟ ವಾಸನೆಯ ಸ್ರಾವವಿದ್ದರೆ ತಪಾಸಣೆಯ ತಾರೀಖಿಗೆ ಕಾಯಬೇಡಿ.

ಇಷ್ಟೆಲ್ಲ ತಿಳಿದುಕೊಂಡು ಊರಿಗೆ ಬಂದೆವು. ಜೆಲ್ಲಿ ತರುವವರು ಯಾರು? ನಮ್ಮೂರಿನ ಮೆಡಿಕಲ್ ಶಾಪಿನವರು ಯಜಮಾನರ ಜೊತೆ ಓದಿದವರು, ಅವರ ಹೆಂಡತಿ ನಮ್ಮ ಭಜನಾ ಮಂಡಳಿಯವಳು. ಇವರು ಹೋದರು, ಅರ್ಧ ಗಂಟೆ ಬಿಟ್ಟು ಬಂದರು, ಕೈಯಲ್ಲಿ ಎರಡು ಓಆರ್‌ಎಸ್ ಪೊಟ್ಟಣ, ಒಂದು ಕೆಮ್ಮಿನ ಔಷಧಿ. ಅಂಗಡಿಯಲ್ಲಿ ಜನ ಇದ್ದರು ಕಣೇ ಅಂದರು. ಎರಡನೇ ಸಲ ಹೋದಾಗಲೂ ಜನ ಇದ್ದರು. ಕೊನೆಗೆ ಶಿವಮೊಗ್ಗಕ್ಕೆ ಯಾವುದೋ ಕೆಲಸಕ್ಕೆ ಹೋದಾಗ ತಂದರು, ಡಾಕ್ಟರ ಚೀಟಿ ತೋರಿಸಿದರೆ ಅಂಗಡಿಯವನು ತಲೆಯೆತ್ತಿ ನೋಡಲೂ ಇಲ್ಲವಂತೆ. ಚೀಟಿಯಲ್ಲಿ ಬರೆಸಿಕೊಳ್ಳಿ ಅಂತ ನಾನು ಹೇಳುವುದು ಅದಕ್ಕೇ. ಬಾಯಿ ಬಿಡದೆ ಕೆಲಸವಾಗುತ್ತದೆ.

ಜೆಲ್ಲಿ ಬಂದ ಕೂಡಲೇ ಎಲ್ಲ ಸರಿಹೋಯಿತು ಅಂತ ಬರೆದರೆ ಅದು ಸಿನಿಮಾ ಆದೀತು. ಆಸೆ ಅನ್ನುವುದೇ ಇರಲಿಲ್ಲ. ಆಸೆಗೆ ನೆರವಾಗುವ ಒಂದು ಹಾರ್ಮೋನು, ಗಂಡಸರದ್ದು ಅಂತ ನಾವು ತಿಳಿದಿರುವ ಟೆಸ್ಟೋಸ್ಟಿರಾನ್, ಹೆಂಗಸಿನ ಅಂಡಾಶಯದಲ್ಲೂ ಅಷ್ಟಿಷ್ಟು ತಯಾರಾಗುತ್ತದೆಯಂತೆ. ಅದೂ ಹೋಯಿತು. ಮೇಲೆ ಕೀಮೋದ ಸುಸ್ತು, ಕಾಲಿನ ಬೆರಳು ಜೋಮು, ಮತ್ತೆ ಬಂದರೆ ಅನ್ನುವ ಭಯ. ತಪಾಸಣೆಯ ವಾರ ಬಂತೆಂದರೆ ನನಗೆ ಈಗಲೂ ಯಾರೂ ಮೈ ಮುಟ್ಟಬಾರದು. ಮೊದಲು ಹಸಿವು, ಆಮೇಲೆ ಊಟ ಅಂತ ತಿಳಿದಿದ್ದೆ. ಹಸಿವೇ ಇಲ್ಲದಿದ್ದರೂ ಒಗ್ಗರಣೆಯ ವಾಸನೆ ಬಂದ ಮೇಲೆ ಹಸಿವಾಗುವುದು ಉಂಟಲ್ಲ, ಇದೂ ಹಾಗೆ ಅಂತ ಗೊತ್ತಾಗಲು ತಿಂಗಳುಗಳು ಹಿಡಿದವು. ಅಲ್ಲಿಯ ತನಕ ಇವರು ರಾತ್ರಿ ನನ್ನ ಜೋಮು ಹಿಡಿದ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಸ್ಪರ್ಶ ಸರಿಯಾಗಿ ಗೊತ್ತಾಗುತ್ತಿರಲಿಲ್ಲ, ಆದರೂ ಬೇಡ ಅನ್ನಲಿಲ್ಲ. ಬೇರೇನೂ ನಡೆಯಬೇಕಾಗಿಲ್ಲ ಅಂತ ಮೊದಲೇ ಒಪ್ಪಂದವಾಗಿದ್ದರಿಂದ ನನಗೆ ಭಯವಿರಲಿಲ್ಲ. ಒಂದು ದಿನ ನಾನೇ ಅವರ ಕೈ ಹಿಡಿದು ಹೊಟ್ಟೆಯ ಮೇಲಿನ ಗೆರೆಯ ಮೇಲೆ ಇಟ್ಟೆ. ದಿವಾನದ ಹಾಸಿಗೆ ಆ ವಾರ ಒಗೆದು ಮಡಿಸಿಟ್ಟೆ. ಮುಂದಿನದು ನನ್ನ ಮನೆಯ ವಿಷಯ.

ಗಂಡ ಇಲ್ಲದವರು, ಮದುವೆಯಾಗದವರು ಇದೆಲ್ಲ ನಮಗಲ್ಲ ಅಂತ ಪುಟ ತಿರುಗಿಸಬೇಡಿ. ಒಣಗಿದ ಉರಿ, ಮೂತ್ರದ ಸೋಂಕು ಗಂಡ ಇದ್ದಾನೆಯೇ ಅಂತ ಕೇಳಿಕೊಂಡು ಬರುವುದಿಲ್ಲ. ಮಕ್ಕಳಾಗದ ಹುಡುಗಿಯರಲ್ಲಿ, ಕಾಯಿಲೆ ಇನ್ನೂ ಒಂದೇ ಅಂಡಾಶಯದಲ್ಲಿದ್ದರೆ, ಕೆಲವರಿಗೆ ಇನ್ನೊಂದನ್ನೂ ಗರ್ಭಕೋಶವನ್ನೂ ಉಳಿಸುತ್ತಾರೆ. ಆಪರೇಷನ್ನಿಗೆ ಮೊದಲೇ ಕೇಳಬೇಕು. ಅಂಥವರು ಕೀಮೋ ಕಾಲದಲ್ಲಿ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಬೇಗ ಮುಟ್ಟು ನಿಂತವರಿಗೆ ಮೂಳೆ ಸವೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ, ಮುದ್ದೆ ಬಿಡಬೇಡಿ, ಮೂಳೆ ಪರೀಕ್ಷೆಯನ್ನೂ ಮಾಡಿಸಿ. ಅಕ್ಕತಂಗಿಯರಿಗೆ, ಹೆಣ್ಣುಮಕ್ಕಳಿಗೆ ಅಪಾಯವಿದೆಯೇ ಅಂತ ತಿಳಿಯಲು ವಂಶವಾಹಿ ಪರೀಕ್ಷೆ ಬಗ್ಗೆಯೂ ಒಂದು ಮಾತು ಕೇಳಿ. ನಾನು ಮಗಳ ಸಲುವಾಗಿ ಕೇಳಿದೆ.

ಇನ್ನು ಹೆಸರಿಲ್ಲದ ಪತ್ರ ಬರೆದ ತಂಗಿಗೆ. ದುರಾಸೆಯೇ ಅಂತ ಕೇಳಿದ್ದೀಯಲ್ಲ, ಅಲ್ಲ. ಜ್ವರ ಬಿಟ್ಟವಳು ಅನ್ನ ಕೇಳಿದರೆ ದುರಾಸೆ ಅನ್ನುತ್ತಾರೆಯೇ? ಮುಂದಿನ ತಪಾಸಣೆಗೆ ಹೋಗುವಾಗ ಒಂದು ಹಾಳೆಯಲ್ಲಿ ನಾಲ್ಕೇ ಸಾಲು ಬರೆದುಕೋ: ಕೂಡುವಾಗ ನೋವಾಗುತ್ತದೆ, ಒಣಗಿದೆ, ನನ್ನ ಬಗೆಯ ಕಾಯಿಲೆಗೆ ಈಸ್ಟ್ರೋಜನ್ ಕ್ರೀಮು ಆಗುತ್ತದೆಯೇ, ನಮ್ಮವರಿಗೆ ಭಯ ಬೇಡ ಅಂತ ನೀವೇ ಹೇಳಿ. ಆ ನಾಲ್ಕನೆಯದಕ್ಕಾಗಿ ಅವರನ್ನೂ ಒಳಗೆ ಕರೆದುಕೊಂಡು ಹೋಗು. ನಮ್ಮ ಯಜಮಾನರು ನನ್ನ ಮಾತು ನಂಬಿದ್ದು ಅರ್ಧ, ಡಾಕ್ಟರ ಬಾಯಿಂದ ಕೇಳಿದ ಮೇಲೆ ಪೂರ್ತಿ. ಹಾಳೆಯ ಹಿಂದೆ ಏನಿದೆ ಅಂತ ಮೊದಲು ನೋಡಿಕೋ.

ಕಡುಬಿನ ಹಿಟ್ಟು ಗಟ್ಟಿಯಾಯಿತು ಅಂದವರಿಗೆ: ನಾನು ಹೇಳಿದ ಅಳತೆ ಬಕ್ಕೆ ಹಣ್ಣಿನದು, ಅಕ್ಕಿ ತರಿಯದು. ನೀವು ಅಂಗಡಿಯ ನುಣ್ಣನೆ ಹಿಟ್ಟು ಹಾಕಿದ್ದೀರಿ. ಬಾಳೆಲೆ ಧಾರಾಳವಾಗಿ ಆಗುತ್ತದೆ, ಬಾಡಿಸಿಕೊಳ್ಳಿ.